ಎಣಿಕೆಯೂ ಹೆಣಿಕೆಯೂ

ನಮ್ಮ ಮನೆಯಲ್ಲಿ ಕಳೆದ ಆಷಾಢದಿಂದ ಎಣಿಕೆ ನಡೆದಿರುತ್ತದೆ. ನಾನು ಮಾಸ್ತರಿಕೆಯಿಂದ ನಿವೃತ್ತನಾಗಿ ಸೇಡಮಿನ ಈ ಮನೆಯಲ್ಲಿ ಕುಳಿತವನು. ಹೊತ್ತುಗೊತ್ತು ನೋಡಿ ಮಾತನಾಡತಕ್ಕ ಅಭ್ಯಾಸವು ನನಗೆ ಮೊದಲಿನಿಂದಲೂ ಇಲ್ಲ. ಆದರೆ ಗೃಹಿಣಿಯು ಕೈಯಲ್ಲಿ ಕ್ರೋಶಾ ಸೂಜಿಯನ್ನು ಹಿಡಿದು, ಮಡಿಲಲ್ಲಿ ದಾರದ ಉಂಡೆಯನ್ನಿಟ್ಟುಕೊಂಡು, ಬರಿಯ ತುಟಿಗಳನ್ನು ಅಲುಗಿಸುತ್ತ ಕುಳಿತಿರುವಾಗ ಆಕೆಯನ್ನು ಮಾತನಾಡಿಸಬಾರದೆಂಬ ಪಾಠವನ್ನು ಈ ಅರವತ್ತನೆಯ ವಯಸ್ಸಿನಲ್ಲಿ ಕಲಿತೆನು. ಆಕೆ ನಲವತ್ತೇಳಕ್ಕೆ ಬಂದಿದ್ದಾಗ ನಾನು ಚಹದ ವಿಚಾರವನ್ನೆತ್ತಿದೆನು. "ನಿಮ್ಮ ಚಹಾದ ಸಲುವಾಗಿ ನನ್ನ ಲೆಕ್ಕ ತಪ್ಪಿತು ನೋಡ್ರಿ" ಎಂದು ಆಕೆ ಮರಳಿ ಒಂದರಿಂದ ಆರಂಭಿಸಿದಳು. ಚಹವು ಆ ದಿನ ದೀಪ ಹಚ್ಚಿದ ಮೇಲೆ ಬಂದಿತು.

ಎಣಿಕೆಗೆ ಕಾರಣವೇನೆಂದರೆ, ನಮ್ಮ ಮಗಳಿಗೆ ಚೊಚ್ಚಲ ಬಸಿರು. ಆಕೆಯನ್ನು ವಾಡಿಯ ರೈಲ್ವೆಯಲ್ಲಿ ಕೆಲಸಕ್ಕಿರುವ ವರನಿಗೆ ಕೊಟ್ಟಿದ್ದೇವೆ. ಶ್ರಾವಣದಲ್ಲಿ ಕುಬಸವಾಯಿತು. ಹೆರಿಗೆಗೆ ತವರಿಗೆ ಬರುವ ಮಗಳ ಕೂಸಿಗಾಗಿ ಒಂದು ಹೊದಿಕೆಯನ್ನು ತನ್ನ ಕೈಯಿಂದಲೇ ಹೆಣೆಯಬೇಕೆಂದು ನಮ್ಮಾಕೆಯ ಸಂಕಲ್ಪ. ಹೊದಿಕೆಯೆಂದರೆ ಸಾಮಾನ್ಯವಾದುದಲ್ಲ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಎಸಳುಗಳು, ಎಸಳಿಗೂ ಎಸಳಿಗೂ ನಡುವೆ ಜಾಲಂಧ್ರದಂತಹ ಬಯಲು, ಸುತ್ತಲೂ ಮುತ್ತಿನಂತಹ ಅಂಚು. ಬಣ್ಣವು ಎಳೆಯ ಹಳದಿ. ದಾರವು ಕಲಬುರ್ಗಿಯ ಪೇಟೆಯಿಂದ ತಂದ, ಉಲ್ಲನ್ನಿನಂತೆಯೇ ತೋರುವ ಕೃತಕ ನೂಲು.

ಈ ಕೆಲಸವನ್ನು ಹತ್ತಿರ ಕುಳಿತು ನೋಡುವವರೆಗೆ ನಾನು ಅದನ್ನು ಹೆಂಗಸರ ಹೊತ್ತುಗಳೆಯುವ ವಿನೋದವೆಂದೇ ತಿಳಿದಿದ್ದೆನು. ನೋಡಿದ ಮೇಲೆ ಬೆರಗಾದೆನು. ನೇಯ್ಗೆಗೆ ಹಾಸು ಹೊಕ್ಕುಗಳೆಂಬ ಎರಡು ಬೇಕು. ಸ್ವೆಟರಿನ ಹೆಣಿಗೆಗೆ ಎರಡು ಕಡ್ಡಿಗಳು ಬೇಕು, ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಜೀವಂತವಾಗಿರಬೇಕು. ಕ್ರೋಶಾದಲ್ಲಿಯಾದರೋ ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಸೂಜಿ, ಒಂದೇ ದಾರ. ಯಾವ ಕ್ಷಣದಲ್ಲಿ ನೋಡಿದರೂ ಸೂಜಿಯ ಮೇಲೆ ಜೀವದಿಂದಿರುವುದು ಪ್ರಾಯಶಃ ಒಂದೇ ಕುಣಿಕೆ. ಅದೊಂದು ಜಾರಿದರೆ ಹಿಂದಿನದೆಲ್ಲವೂ ಎಳೆದಂತೆ ಬಿಚ್ಚಿ ಬರುವುದು; ಅದೊಂದನ್ನು ಕಾದುಕೊಂಡರೆ ಹಾಸಿಗೆಯಷ್ಟು ಅಗಲದ ವಸ್ತುವೂ ನಿಲ್ಲುವುದು. ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರಗಳು ಸುಲಭವಾಗಿ ಮಾಡುತ್ತವೆ. ಕ್ರೋಶಾವು ಇಂದಿಗೂ ಕೈಯ ಕೆಲಸವಾಗಿಯೇ ಉಳಿದಿದೆ.

ಹೆಸರು ಫ್ರೆಂಚ್ ಭಾಷೆಯದು. ಚಿಕ್ಕ ಕೊಕ್ಕೆಯೆಂದು ಅದರ ಅರ್ಥ. ೧೮೪೫ರಲ್ಲಿ ಐರ್ಲೆಂಡಿನಲ್ಲಿ ಬಟಾಟೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮವು ತಲೆದೋರಿದಾಗ, ಆ ದೇಶದ ಅಸಂಖ್ಯ ಹೆಂಗಸರು ಈ ಕೊಕ್ಕೆಯಿಂದ ಜಾಲರಿಗಳನ್ನು ಹೆಣೆದು ಮಾರಿ ಮಕ್ಕಳ ಪ್ರಾಣವನ್ನುಳಿಸಿಕೊಂಡರು. ಅದೇ ೧೯ನೆಯ ಶತಮಾನದಲ್ಲಿ ಪಾದ್ರಿಗಳ ಕುಟುಂಬದವರಿಂದ ಈ ಕಲೆಯು ಗೋದಾವರಿಯ ಮುಖಜ ಭೂಮಿಯ ನರಸಾಪುರಕ್ಕೆ ಬಂದು ಅಲ್ಲಿ ಬೇರೂರಿತು. ನಮ್ಮವರಿಗೆ ಇದು ತೀರ ಪರಕೀಯವೆಂದು ಹೇಳಲಾಗದು. ಪ್ರಾಚೀನರು ಎಣಿಸಿದ ೬೪ ಕಲೆಗಳಲ್ಲಿ ಸೂಚೀವಾನಕರ್ಮವೆಂಬುದು ಒಂದು. ನಾವು ಪೂಜ್ಯವೆಂದು ಕಣ್ಣಿಗೊತ್ತಿಕೊಳ್ಳುವ 'ಸೂತ್ರ'ವೆಂಬ ಶಬ್ದಕ್ಕೆ ದಾರವೆಂದೇ ಮೂಲಾರ್ಥ. 'ಗ್ರಂಥ'ವೆಂಬುದಕ್ಕೆ ಕಟ್ಟು, ಹೆಣಿಕೆ ಎಂದು. ಮೂವತ್ತು ವರುಷ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ ನಾನು ದಾರದ ಕೆಲಸವನ್ನು ಹಗುರವಾಗಿ ಕಂಡೆನೆಂದರೆ ಶಬ್ದವನ್ನು ಬಲ್ಲೆನಲ್ಲದೆ ಅರ್ಥವನ್ನು ಬಲ್ಲೆನೆಂದು ಹೇಗೆ ಹೇಳಲಿ?

ನಮ್ಮಾಕೆಯು ಕುಣಿಕೆಗಳನ್ನೆಣಿಸುತ್ತಿದ್ದಳು, ನಾನು ಪಂಚಾಂಗವನ್ನು ನೋಡಿ ತಿಂಗಳುಗಳನ್ನೆಣಿಸುತ್ತಿದ್ದೆನು. ಇಬ್ಬರ ಎಣಿಕೆಯೂ ತಪ್ಪಿತು. ಭಾದ್ರಪದದ ಒಂದು ನಡುರಾತ್ರಿ, ೩೪ನೆಯ ವಾರಕ್ಕೇ ಮಗಳಿಗೆ ನೋವು ಕಾಣಿಸಿಕೊಂಡಿತು. ಬೆಳಗಾಗುವುದರೊಳಗೆ ಅವಳನ್ನು ಕಲಬುರ್ಗಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಹುಟ್ಟಿದ ಕೂಸಿನ ತೂಕವು ೧ ಕಿಲೋ ೯೦೦ ಗ್ರಾಂ. ಹೆಣ್ಣು ಕೂಸು. ಗಾಜಿನಾಚೆಗೆ ಅದನ್ನು ತೋರಿಸಿದಾಗ, ಇಷ್ಟು ದೊಡ್ಡ ಜಗತ್ತಿಗೆ ಇಷ್ಟು ಚಿಕ್ಕ ಜೀವವು ಹೇಗೆ ಬಂದಿತೆಂದು ನನ್ನ ಎದೆಯು ಹಿಂಡಿತು. ನಮ್ಮಾಕೆಯು ಮುಕ್ಕಾಲುಭಾಗ ಮುಗಿದಿದ್ದ ಹೊದಿಕೆಯನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದಳು. ದಾದಿಯ ಮುಂದೆ ಅದನ್ನು ಬಿಚ್ಚಿ ಹಿಡಿದು, "ಕೂಸಿಗಿ ಛಳಿ ಆಗ್ತದವ್ವಾ, ಇದನ್ನ ಹೊಚ್ಚರಿ" ಎಂದಳು.

ದಾದಿಯು ವಯಸ್ಸಿನಲ್ಲಿ ಚಿಕ್ಕವಳು. ಮಾತಿನಲ್ಲಿ ಮಾತ್ರ ಹಿರಿಯಳು. "ಬಾಳ ಚಂದ ಅದರೀ ಅಮ್ಮಾ. ಆದ್ರ ಈಗ ಈ ಕೂಸಿಗಿ ಹೊಚ್ಚಿಗಿ ಬ್ಯಾಡ್ರಿ, ಅವ್ವನ ಎದಿ ಬೇಕ್ರಿ" ಎಂದು ಹೇಳಿ ಕಾರಣವನ್ನೂ ತಿಳಿಸಿದಳು. ತಿಂಗಳು ತುಂಬದೆ ಹುಟ್ಟಿದ ಶಿಶುವಿನ ಚರ್ಮದಡಿಯಲ್ಲಿ ಕೊಬ್ಬು ಕಡಿಮೆ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು. ಆದುದರಿಂದ ಅದರ ಕಾವು ಬೇಗ ಸೋರಿಹೋಗುವುದು. ಆ ಕಾವನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿಯೂ ಅದಕ್ಕೆ ಸಾಲದು. ಹೊದಿಕೆಯು ಇದ್ದ ಕಾವನ್ನು ಕಾಯುವುದೇ ಹೊರತು ಇಲ್ಲದುದನ್ನು ಕೊಡಲಾರದು. ತಾಯಿಯ ಮೈ ಕೊಡಬಲ್ಲುದು. ಕೂಸಿಗೆ ತಲೆಗೊಂದು ಟೋಪಿ, ಕಾಲಿಗೆ ಚೀಲ, ಸೊಂಟಕ್ಕೊಂದು ಬಟ್ಟೆ ಇಷ್ಟನ್ನೇ ತೊಡಿಸಿ, ತಾಯಿಯ ಬರಿಯ ಎದೆಗೆ ಕೂಸಿನ ಬರಿಯ ಎದೆಯು ತಾಗುವಂತೆ ನಿಲುವಾಗಿ ಇಟ್ಟು ಕಟ್ಟುತ್ತಾರೆ. ಕಾಂಗರೂ ಎಂಬ ಪ್ರಾಣಿಯು ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವಂತೆ ಇದಿರುವುದರಿಂದ ಕಾಂಗರೂ ಆರೈಕೆಯೆಂದೇ ಹೆಸರು.

ವಾಚಕರಿಗೆ ಇದು ಹೊಸದೆನಿಸಬಹುದು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ೧೯೭೮ರ ಸುಮಾರಿಗೆ ಎಡ್ಗರ್ ರೇ ಎಂಬ ವೈದ್ಯನು ಇದನ್ನು ಆರಂಭಿಸಿದನು. ಆಸ್ಪತ್ರೆಯಲ್ಲಿ ಕಾವಿನ ಪೆಟ್ಟಿಗೆಗಳು ಸಾಲದೆ ಹೋದುದೇ ಅದಕ್ಕೆ ನಿಮಿತ್ತ. ಬಡತನದಿಂದ ಹುಟ್ಟಿದ ಉಪಾಯವು ಸಿರಿವಂತಿಕೆಯ ಉಪಕರಣಕ್ಕಿಂತ ಹಿಂದೆ ಬೀಳಲಿಲ್ಲವೆಂಬುದನ್ನು ಲೋಕವು ಕ್ರಮೇಣ ಕಂಡುಕೊಂಡಿತು. ಭಾರತವೂ ಸೇರಿದಂತೆ ೫ ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆಯೇ ಈ ಆರೈಕೆಯನ್ನು ಪಡೆದ ಕಡಿಮೆ ತೂಕದ ಶಿಶುಗಳ ಮರಣವು ಸುಮಾರು ಕಾಲುಭಾಗ ಕಡಿಮೆಯಾದುದು ಕಂಡುಬಂದಿತು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಇಂತಹ ಕೂಸುಗಳಿಗೆ ದಿನದಲ್ಲಿ ೮ರಿಂದ ೨೪ ತಾಸುಗಳವರೆಗೆ ಇದನ್ನು ಕೊಡಬೇಕೆಂದು ವಿಧಿಸಿತು. ನಮ್ಮ ನಾಡಿನ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಹಳ್ಳಿಯ ಬಾಣಂತಿಯರವರೆಗೆ ಮುಟ್ಟಿಸುವ ಪ್ರಯತ್ನವು ಅದಕ್ಕೂ ಮೊದಲೇ ನಡೆದಿತ್ತು.

ತಾಯಿಯು ಸ್ನಾನಕ್ಕೋ ಊಟಕ್ಕೋ ಎದ್ದಾಗ ಮನೆಯ ಬೇರೆಯವರೂ ಕೂಸನ್ನು ಎದೆಗಿಟ್ಟುಕೊಳ್ಳಬಹುದೆಂದು ದಾದಿಯು ಹೇಳಿದಳು. ನಮ್ಮಾಕೆಯು ಕೈತೊಳೆದು ಬಂದು ಕುಳಿತಳು. ಒಂದು ತಾಸು ಅಲುಗಲಿಲ್ಲ. ಆ ಹೊತ್ತಿನಲ್ಲಿ ಆಕೆ ಏನನ್ನೂ ಎಣಿಸುತ್ತಿರಲಿಲ್ಲವೆಂಬುದು ಆಕೆಯ ತುಟಿಗಳನ್ನು ನೋಡಿ ನನಗೆ ತಿಳಿಯಿತು. ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು, ತೆಳ್ಳಗಿನ ಹತ್ತಿಯ ದಾರದಿಂದ ನಿಂಬೆಹಣ್ಣಿಗೆ ತೊಡಿಸುವಷ್ಟು ಚಿಕ್ಕದೊಂದು ಕುಲಾಯಿಯನ್ನು ಹೆಣೆದಳು. ಅದರಲ್ಲಿ ಎಸಳಿಲ್ಲ, ಮುತ್ತಿನ ಅಂಚಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ ತೊಡಿಸಿದರು, ಸರಿಯಾಗಿ ಕುಳಿತಿತು. ಹದಿನೇಳನೆಯ ದಿನ ಕೂಸಿನ ತೂಕವು ೨ ಕಿಲೋ ೧೦೦ ಗ್ರಾಮಿಗೆ ಬಂದಾಗ ಮನೆಗೆ ಕರೆತಂದೆವು.

ಮನೆಗೆ ಬಂದ ಮೇಲೆ ಹಳದಿಯ ಹೊದಿಕೆಯೂ ಮುಗಿಯಿತು. ನೋಡಿದವರೆಲ್ಲ ಹೊಗಳಿದರು. ಚಿತ್ತಾಪುರದಿಂದ ನಮ್ಮ ಬೀಗಿತ್ತಿಯವರು ತಾವು ಉಟ್ಟು ಹಳತಾದ ಇಳಕಲ್ಲಿನ ಸೀರೆಯನ್ನು ಮಡಿಸಿ ಹೊಲಿದ ಒಂದು ಚಿಕ್ಕ ಕೌದಿಯನ್ನು ತಂದಿದ್ದರು. ನಮ್ಮಾಕೆಯ ಹೊದಿಕೆಯನ್ನು ನೋಡಿ, "ನಮ್ದು ಹಳೀ ಅರಿವೀದು ಅದರೀ" ಎಂದು ಸಂಕೋಚದಿಂದ ತಮ್ಮದನ್ನು ಕೆಳಗಿಟ್ಟರು. ಹೊಸ ಕೂಸಿಗೆ ಹೊಸ ಬಟ್ಟೆಯನ್ನು ತೊಡಿಸದೆ ಹಳೆಯದನ್ನೇ ಹೊದಿಸುವ ನಮ್ಮ ಹಿರಿಯರ ಪದ್ಧತಿಯಲ್ಲಿ ಒಂದು ವಿವೇಕವಿದೆ. ನೂರು ಸಲ ಒಗೆದ ಬಟ್ಟೆಯಲ್ಲಿ ಗಂಜಿಯಿಲ್ಲ, ಬಿಡುವ ಬಣ್ಣವಿಲ್ಲ, ಚುಚ್ಚುವ ಎಳೆಯಿಲ್ಲ. ಆದರೆ ಆ ದಿನ ನಮಗೆ ಹೊಸದೇ ಕಣ್ಣಿಗೆ ಕಟ್ಟಿತ್ತು. ಕೌದಿಯು ಪೆಟ್ಟಿಗೆಯನ್ನು ಸೇರಿತು.

ಮಾರ್ಗಶಿರದ ಒಂದು ಸಂಜೆ. ಕೂಸಿಗೆ ಮೂರು ತಿಂಗಳು ಕಳೆದಿತ್ತು. ಹಳದಿಯ ಹೊದಿಕೆಯೊಳಗೆ ಮಲಗಿದ್ದ ಕೂಸು ಇದ್ದಕ್ಕಿದ್ದಂತೆ ಚೀರಿತು. ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಮಗಳು ಎತ್ತಿಕೊಳ್ಳಹೋದರೆ ಹೊದಿಕೆಯೂ ಕೈಯೊಡನೆ ಬಂದಿತು. ಜಾಲಂಧ್ರದ ಒಂದು ಕಿಂಡಿಯೊಳಗೆ ಕೂಸಿನ ಕಿರುಬೆರಳು ಹೊಕ್ಕು, ಅದು ಕೈಯನ್ನು ತಿರುವಿದಂತೆಲ್ಲ ದಾರವು ಸುತ್ತಿ ಬಿಗಿದುಕೊಂಡಿತ್ತು. ಬೆರಳ ತುದಿಯು ಕೆಂಪೇರಿ ನೀಲಿಗೆ ತಿರುಗುತ್ತಿತ್ತು. ನಾನು ಕನ್ನಡಕವನ್ನು ಹುಡುಕುತ್ತಿದ್ದಾಗಲೇ ನಮ್ಮಾಕೆಯು ಚಿಕ್ಕ ಕತ್ತರಿಯನ್ನು ತಂದು, ಎಡಗೈಯ ಉಗುರನ್ನು ದಾರದಡಿಗೆ ತೂರಿಸಿ, ತಾನು ಹೆಣೆದ ಎಸಳನ್ನು ತಾನೇ ಕತ್ತರಿಸಿದಳು. ಬೆರಳು ಬಿಡುಗಡೆಯಾಯಿತು, ಅರ್ಧ ತಾಸಿನಲ್ಲಿ ಮೊದಲಿನ ಬಣ್ಣಕ್ಕೆ ಬಂದಿತು. ಮರುದಿನ ವೈದ್ಯರಿಗೆ ತೋರಿಸಿದೆವು. ಕೂದಲೆಳೆಯಾಗಲಿ ದಾರವಾಗಲಿ ಹೀಗೆ ಸುತ್ತಿಕೊಂಡು ಗಮನಕ್ಕೆ ಬಾರದೆ ಹೋದರೆ ಬೆರಳಿನ ರಕ್ತಸಂಚಾರವೇ ನಿಂತುಹೋಗುವುದೆಂದು ಅವರು ಹೇಳಿದರು.

ಆ ದಿನ ಊಟವಾದ ಮೇಲೆ ನಮ್ಮಾಕೆಯು ಹೊದಿಕೆಯನ್ನು ಮುಂದಿಟ್ಟುಕೊಂಡು ಕುಳಿತಳು. ಕತ್ತರಿಸಿದ ಒಂದು ಎಸಳನ್ನು ರಿಪೇರಿ ಮಾಡುವಳೆಂದು ನಾನು ಭಾವಿಸಿದೆನು. ಆಕೆಯು ಕೊನೆಯ ಗಂಟನ್ನು ಬಿಡಿಸಿ ಎಳೆಯತೊಡಗಿದಳು. ಸರಸರನೆ ಸಾಲಿನ ಮೇಲೆ ಸಾಲು ಬಿಚ್ಚಿ ಬಂದಿತು. "ಎರಡೂವರಿ ತಿಂಗಳದ್ದು ಕೆಲಸ ಅಲ್ಲೇನ" ಎಂದೆನು. "ಹೌದ್ರಿ. ನೀವು ಉಂಡೀ ಸುತ್ತರಿ" ಎಂದು ದಾರದ ತುದಿಯನ್ನು ನನ್ನ ಕೈಗೆ ಕೊಟ್ಟಳು. ಆಕೆ ಬಿಚ್ಚಿದಳು, ನಾನು ಸುತ್ತಿದೆನು.

ಸುತ್ತುತ್ತಿರುವಾಗ, ಈ ವರೆಗೆ ಯಾರಿಗೂ ಹೇಳದಿದ್ದ ಒಂದು ಮಾತನ್ನು ನಾನು ಆಕೆಗೆ ಹೇಳಿದೆನು. ವಾಚಕರಿಗೂ ಈಗ ಹೇಳುತ್ತೇನೆ.

ಮೂವತ್ತು ವರುಷಗಳ ಹಿಂದೆ ನಾನು ಚಿಂಚೋಳಿ ತಾಲೂಕಿನ ಒಂದು ಶಾಲೆಯಲ್ಲಿದ್ದೆನು. ಹತ್ತಿರದ ತಾಂಡಾದಿಂದ ಒಬ್ಬ ಹುಡುಗಿಯು ಏಳನೆಯ ಇಯತ್ತೆಗೆ ಬರುತ್ತಿದ್ದಳು. ಲಂಬಾಣಿ ಮಾತಿನ ಮನೆಯವಳು. ಆದರೂ ಕನ್ನಡದ ಸಂಧಿಗಳನ್ನು ಇಡೀ ವರ್ಗದಲ್ಲಿ ಆಕೆಯಷ್ಟು ಶುದ್ಧವಾಗಿ ಬಿಡಿಸುವವರು ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ತಂದೆತಾಯಿಗಳು ದುಡಿಯಲು ಮುಂಬಯಿಗೆ ಹೋದರು. ಹುಡುಗಿಯು ಅಜ್ಜಿಯೊಡನೆ ಉಳಿದಳು. ಅಜ್ಜಿಗೆ ಜ್ವರ ಬಂದಾಗ ವರುಷ ತುಂಬದ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬಂದಳು. ಕವಡೆಗಳನ್ನೂ ಕನ್ನಡಿಯ ಚೂರುಗಳನ್ನೂ ಹೊಲಿದ ಒಂದು ಬಟ್ಟೆಯನ್ನು ನೆಲಕ್ಕೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿ, ಕಾಲಿನಿಂದ ತಟ್ಟುತ್ತ ಪಾಠವನ್ನು ಬರೆದುಕೊಳ್ಳುತ್ತಿದ್ದಳು. ಕೂಸು ಅತ್ತಿತು. ನನ್ನ ಪಾಠಕ್ಕೆ ಭಂಗವಾಯಿತು. "ಶಾಲೆ ತೊಟ್ಟಿಲಲ್ಲ. ಕೂಸನ್ನು ಮನೆಯಲ್ಲಿ ಬಿಟ್ಟು ಬಾ, ಇಲ್ಲವಾದರೆ ನೀನೂ ಬರಬೇಡ" ಎಂದೆನು. ಆಕೆ ಒಂದು ಮಾತನ್ನೂ ಆಡದೆ ಬಟ್ಟೆಯನ್ನು ಮಡಿಸಿ, ಕೂಸನ್ನು ಟೊಂಕದ ಮೇಲಿಟ್ಟುಕೊಂಡು ಹೊರಟುಹೋದಳು.

ಮರುದಿನ ಬರಲಿಲ್ಲ. ಹಾಜರಿಯ ಪುಸ್ತಕದಲ್ಲಿ ನಾನು ಗೈರುಹಾಜರಿಯ ಗುರುತನ್ನು ಹಾಕುತ್ತ ಹೋದೆನು. ಹದಿನೈದು ದಿನಗಳ ಮೇಲೆ ತಾಂಡಾಕ್ಕೆ ಹೋದಾಗ ಬಾಗಿಲಿಗೆ ಬೀಗವಿತ್ತು. ಮಕ್ಕಳನ್ನೂ ಮುದುಕಿಯನ್ನೂ ತಂದೆಯು ಬಂದು ಕರೆದೊಯ್ದನೆಂದು ನೆರೆಯವರು ಹೇಳಿದರು. ಆಮೇಲೆ ಆ ಹೆಸರನ್ನು ಪುಸ್ತಕದಿಂದ ತೆಗೆಯಬೇಕಾಯಿತು, ತೆಗೆದವನೂ ನಾನೇ. ಕ್ರೋಶಾದ ಸಾಲು ತಪ್ಪಾದರೆ ಎಳೆದು ಬಿಚ್ಚಬಹುದು, ದಾರವು ಇಡಿಯಾಗಿ ಮರಳಿ ಕೈಗೆ ಬರುತ್ತದೆ. ಆ ಒಂದು ವಾಕ್ಯವನ್ನು ನಾನು ಎಲ್ಲಿಂದ ಹಿಡಿದು ಬಿಚ್ಚಲಿ?

ನಮ್ಮಾಕೆಯು ಎಲ್ಲವನ್ನೂ ಕೇಳಿದಳು. ಸಮಾಧಾನವನ್ನು ಹೇಳಲಿಲ್ಲ, ನಿಂದಿಸಲೂ ಇಲ್ಲ. ನನ್ನ ಕೈಯನ್ನು ನೋಡಿ, "ಅಷ್ಟು ಬಿಗಿ ಸುತ್ತಬ್ಯಾಡ್ರಿ, ದಾರದ ಜೀವಾ ಹೋಗ್ತದ" ಎಂದಳು.

ಹೊಸ ಹೊದಿಕೆಯ ಆರಂಭವು ಪುಷ್ಯದಲ್ಲಿ ಆಯಿತು. ಈ ಸಲ ಕೃತಕ ನೂಲಲ್ಲ, ಶುದ್ಧ ಹತ್ತಿಯ ದಪ್ಪ ದಾರ. ವೈಶಾಖದಲ್ಲಿ ನಮ್ಮ ಕಡೆಯ ಬಿಸಿಲು ೪೦ ಅಂಶಗಳನ್ನು ದಾಟುವುದನ್ನು ಬಲ್ಲವರಿಗೆ ಕಾರಣವನ್ನು ಹೇಳಬೇಕಾಗಿಲ್ಲ. ಹತ್ತಿಯು ಬೆವರನ್ನು ಹೀರುತ್ತದೆ, ಕುದಿಯುವ ನೀರನ್ನು ತಡೆಯುತ್ತದೆ. ಕೃತಕ ನೂಲಾದರೋ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಆಕೆ ಆರಿಸಿದ ಹೆಣಿಕೆಯು ಚಿಪ್ಪಿನದು. ಸೊಸೆಯು ತನ್ನ ಮೊಬೈಲಿನಲ್ಲಿ ಅದರ ಚಲಿಸುವ ಚಿತ್ರವನ್ನು ತೋರಿಸಿದಳು. ಅಲ್ಲಿ ಮಾತನಾಡುವವಳ ಭಾಷೆಯು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಕೈಗಳ ಭಾಷೆಯು ನಮ್ಮಾಕೆಗೆ ಪೂರ್ಣವಾಗಿ ತಿಳಿಯಿತು.

ಒಂದು ಚಿಪ್ಪಿಗೆ ೬ ಸರಪಳಿಯ ಕಣ್ಣುಗಳು ಬೇಕು. ೨೦ ಚಿಪ್ಪುಗಳ ಅಗಲವೆಂದು ನಿಶ್ಚಯಿಸಿ ಆಕೆಯು ೧೨೦ ಕಣ್ಣುಗಳನ್ನು ಎಣಿಸಿ ಹಾಕಿದಳು. ಸಾಲಿನ ತುದಿಗೆ ಬಂದಾಗ ಕೊನೆಯ ಚಿಪ್ಪನ್ನು ನಿಲ್ಲಿಸಲು ಸ್ಥಳವಿಲ್ಲ. ಮೂರು ಸಲ ಬಿಚ್ಚಿದಳು. ಮೂರು ಸಲವೂ ಅದೇ ಗತಿ. ಆಗ ನನ್ನ ಉಪಯೋಗವು ಮೊದಲನೆಯ ಸಲ ಕಂಡುಬಂದಿತು. "ಇಪ್ಪತ್ತು ಅಂಕಣದ ಮನೆಗೆ ಕಂಬದ ಸಾಲಿನಲ್ಲಿ ಎಷ್ಟು ಕಂಬ?" ಎಂದು ಕೇಳಿದೆನು. ಆಕೆ ಕ್ಷಣಹೊತ್ತು ಯೋಚಿಸಿ, "ಇಪ್ಪತ್ತೊಂದು" ಎಂದಳು; ಕೂಡಲೇ ನಕ್ಕು ಸೂಜಿಯನ್ನು ಎತ್ತಿಕೊಂಡಳು. ಆರರಿಂದ ಭಾಗಿಸಿದರೆ ಒಂದು ಶೇಷವಾಗಿ ಉಳಿಯುವ ಸಂಖ್ಯೆಯು ಬೇಕು: ೧೨೧.

ಶೇಷವನ್ನು ಹೇಳಿ ಸಂಖ್ಯೆಯನ್ನು ಹುಡುಕುವ ಈ ವಿದ್ಯೆಯು ನಮ್ಮ ತಾಲೂಕಿಗೆ ಹೊಸದಲ್ಲ. ಸೇಡಮಿಗೆ ಸೇರಿದ, ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ೯ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ತನ್ನ ಗಣಿತಸಾರಸಂಗ್ರಹವನ್ನು ಆರಂಭಿಸಿದ ಮಹಾವೀರಾಚಾರ್ಯನು, ಇಂತಹ ಲೆಕ್ಕಗಳಿಗೆ ವಲ್ಲಿಕಾ ಕುಟ್ಟೀಕಾರವೆಂಬ ವಿಧಾನವನ್ನು ಹೇಳಿದ್ದಾನೆ, ವಲ್ಲಿಕೆಯೆಂದರೆ ಬಳ್ಳಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಆತನು ಕೊರಳಿನ ಆಭರಣಗಳಿಗೆ ಹೋಲಿಸಿದ್ದಾನೆ: ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ನಮ್ಮಾಕೆಯ ೧೨೧ ಸಹ ಅದೇ ಜಾತಿಯ ಸಂಖ್ಯೆಯೆಂದು ನಾನು ತೋರಿಸಿದಾಗ, "ಹಂಗಾದ್ರ ಕೂಸಿನ ಕೊರಳಿಗಿ ಒಂದು ಸರಾ ಆತು, ಸುಮ್ಮ ಕೂಡ್ರಿ" ಎಂದಳು.

ಹೆಣೆಯಬಲ್ಲ ಗೃಹಿಣಿಯರಿಗಾಗಿ ಕ್ರಮವನ್ನು ಬರೆಯುತ್ತೇನೆ. ಇದು ಆಕೆಯಿಂದ ಹೇಳಿಸಿಕೊಂಡು, ಎರಡು ಸಲ ಓದಿ ತಿದ್ದಿಸಿಕೊಂಡದ್ದು. ಸೂಜಿಯನ್ನು ಕಣ್ಣಿನೊಳಗೆ ಹಾಕಿ ದಾರವನ್ನೆಳೆದು, ಸೂಜಿಯ ಮೇಲಿನ ಎರಡು ಕುಣಿಕೆಗಳಿಂದ ಒಂದೇ ಸಲಕ್ಕೆ ದಾರವನ್ನು ತೆಗೆದರೆ ಗಿಡ್ಡ ಕಂಬ. ಮೊದಲು ಸೂಜಿಗೆ ಒಂದು ಸುತ್ತು ದಾರವನ್ನು ಹಾಕಿಕೊಂಡು, ಕಣ್ಣಿನಿಂದ ದಾರವನ್ನೆಳೆದು, ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಸಲ ಬಿಡಿಸಿದರೆ ಎತ್ತರದ ಕಂಬ. ೧೨೧ ಕಣ್ಣುಗಳ ಮೇಲೆ ಏರುವುದಕ್ಕಾಗಿ ಇನ್ನೊಂದನ್ನು ಸೇರಿಸಿ ಒಟ್ಟು ೧೨೨ ಸರಪಳಿ ಹಾಕಬೇಕು. ಮೊದಲನೆಯ ಸಾಲಿನಲ್ಲಿ, ಸೂಜಿಯಿಂದ ಎರಡನೆಯ ಕಣ್ಣಿಗೆ ಒಂದು ಗಿಡ್ಡ ಕಂಬ. ಎರಡು ಕಣ್ಣುಗಳನ್ನು ಬಿಟ್ಟು ಮುಂದಿನ ಒಂದೇ ಕಣ್ಣಿನಲ್ಲಿ ೫ ಎತ್ತರದ ಕಂಬಗಳು, ಇದೇ ಚಿಪ್ಪು. ಮತ್ತೆ ಎರಡನ್ನು ಬಿಟ್ಟು ಗಿಡ್ಡ ಕಂಬ. ಹೀಗೆಯೇ ತುದಿಯವರೆಗೆ.

ಎರಡನೆಯ ಸಾಲಿನಲ್ಲಿ, ೩ ಸರಪಳಿಯಿಂದ ಮೇಲೇರಿ, ಬುಡದ ಗಿಡ್ಡ ಕಂಬದಲ್ಲಿಯೇ ೨ ಎತ್ತರದ ಕಂಬಗಳನ್ನು ಹಾಕಿದರೆ ಅರ್ಧ ಚಿಪ್ಪಾಗುವುದು. ಬಳಿಕ ಕೆಳಗಿನ ಚಿಪ್ಪಿನ ನಡುವಣ ಕಂಬದ ತಲೆಗೆ ಗಿಡ್ಡ ಕಂಬ. ಎರಡು ಚಿಪ್ಪುಗಳ ಸಂಧಿಯ ಗಿಡ್ಡ ಕಂಬದಲ್ಲಿ ೫ ಎತ್ತರದ ಕಂಬಗಳು. ಕೊನೆಗೆ ೩ ಎತ್ತರದ ಕಂಬಗಳಿಂದ ಇನ್ನೊಂದು ಅರ್ಧ ಚಿಪ್ಪು. ಈ ಸಾಲಿನಲ್ಲಿ ೧೯ ಇಡಿಯ ಚಿಪ್ಪುಗಳೂ ೨ ಅರ್ಧಗಳೂ ಆಗಬೇಕು. ಆಗದಿದ್ದರೆ ಆಗಲೇ ಬಿಚ್ಚತಕ್ಕದ್ದು. ಮೂರನೆಯ ಸಾಲಿನಲ್ಲಿ ೧ ಸರಪಳಿಯಿಂದ ಏರಿ, ಮೊದಲ ಕಂಬದ ತಲೆಗೆ ಗಿಡ್ಡ ಕಂಬವನ್ನು ಹಾಕಿ, ಸಂಧಿಗಳಲ್ಲಿ ಚಿಪ್ಪುಗಳನ್ನೂ ಚಿಪ್ಪುಗಳ ನಡುವಿಗೆ ಗಿಡ್ಡ ಕಂಬಗಳನ್ನೂ ಹಾಕುತ್ತ ಬಂದು, ಕೊನೆಯ ಗಿಡ್ಡ ಕಂಬವನ್ನು ಕೆಳಗಿನ ೩ ಸರಪಳಿಯ ತುದಿಗೆ ಹಾಕಿದರೆ ಮತ್ತೆ ೨೦ ಚಿಪ್ಪುಗಳು. ಮುಂದೆ ಈ ಎರಡು ಸಾಲುಗಳದೇ ಆವೃತ್ತಿ. ೪ ಮಿಲಿಮೀಟರಿನ ಸೂಜಿಗೆ ಸುಮಾರು ಎರಡೂವರೆ ಅಡಿಯ ಅಗಲವು ಬರುವುದು. ಒಂದು ಸಾಲಿನ ಚಿಪ್ಪು ಕೆಳಸಾಲಿನ ಸಂಧಿಯನ್ನು ಮುಚ್ಚುವುದರಿಂದ ಬೆರಳು ಹೋಗುವ ಕಿಂಡಿ ಉಳಿಯುವುದಿಲ್ಲ. ಕೈ ಸಡಿಲಾದರೆ ಮಾತ್ರ ಉಳಿಯುತ್ತದೆ. ತಮ್ಮ ಕಿರುಬೆರಳ ತುದಿಯನ್ನೊತ್ತಿ ಪರೀಕ್ಷಿಸಿಕೊಳ್ಳತಕ್ಕದ್ದು.

ಇನ್ನು ಕೆಲವು ಎಚ್ಚರಗಳು. ಮಣಿ, ಗುಂಡಿ, ಗೊಂಡೆಗಳು ಕೂಸಿನ ವಸ್ತುವಿನಲ್ಲಿ ಬೇಡ. ಅವು ಬಾಯಿಗೆ ಹೋಗುತ್ತವೆ. ದಾರದ ತುದಿಗಳನ್ನು ಒಳಗೆ ಮೂರು ಸಲ ಓಡಿಸಿ ಮುಚ್ಚಬೇಕು. ಒಗೆದ ಮೇಲೆ ಹಗ್ಗಕ್ಕೆ ತೂಗುಹಾಕದೆ ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಇಲ್ಲವಾದರೆ ನೀರಿನ ಭಾರಕ್ಕೆ ಜಗ್ಗುವುದು. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಒಂದು ವರುಷದೊಳಗಿನ ಕೂಸು ಒಂಟಿಯಾಗಿ ನಿದ್ರಿಸುವಾಗ ಸಡಿಲವಾದ ಯಾವ ಹೊದಿಕೆಯನ್ನೂ, ಎಷ್ಟೇ ಪ್ರೀತಿಯಿಂದ ಹೆಣೆದುದಾದರೂ, ಬಳಿಯಲ್ಲಿಡಬಾರದೆಂದು ಶಿಶುವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಿದ್ದುದನ್ನು ಸರಿಸುವ ಶಕ್ತಿಯು ಅದಕ್ಕಿಲ್ಲ. ಅಂಗಾತ ಮಲಗಿಸುವುದು, ಮೈಗೆ ಒಪ್ಪುವ ಅಂಗಿಯನ್ನು ತೊಡಿಸುವುದು, ಇಷ್ಟು ಸಾಕು.

ಹಾಗಾದರೆ ಹೊದಿಕೆಯು ಯಾತಕ್ಕೆ? ಈ ಪ್ರಶ್ನೆಗೆ ಉತ್ತರವು ನಮ್ಮ ಮನೆಯ ನೆಲದಲ್ಲಿಯೇ ಇತ್ತು. ನಮ್ಮ ಸೀಮೆಯ ಮನೆಗಳ ನೆಲವೆಲ್ಲ ಶಹಾಬಾದಿನ ಫರಸಿ. ಸುಣ್ಣಗಲ್ಲಿನ ಆ ನುಣುಪಾದ ಹಾಸುಬಂಡೆಯು ಬೇಸಗೆಯಲ್ಲಿ ಅಮೃತ. ಮಾಘದ ಬೆಳಿಗ್ಗೆ ಕಾಲಿಟ್ಟರೆ ಮೈಯ ಕಾವನ್ನು ಕ್ಷಣದಲ್ಲಿ ಹೀರುವುದು. ಬೋರಲು ಬೀಳಲು ಕಲಿತ ಕೂಸಿಗೆ ಆ ಕಲ್ಲಿಗೂ ಮೈಗೂ ನಡುವೆ ಒಂದು ಹಾಸು ಬೇಕು. ಎಚ್ಚರವಾಗಿರುವ ಕೂಸು, ಎಚ್ಚರವಾಗಿರುವ ಹಿರಿಯರ ಕಣ್ಣ ಮುಂದೆ. ನಮ್ಮಾಕೆಯು ಬೀಗಿತ್ತಿಯವರ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ಅಡಿಗೆ ಹಾಸಿ, ಅದರ ಮೇಲೆ ಚಿಪ್ಪಿನ ಹೊದಿಕೆಯನ್ನು ಹರಡಿದಳು. ಕೂಸು ಸಾಲುಸಾಲಿನ ಉಬ್ಬುತಗ್ಗುಗಳನ್ನು ಅಂಗೈಯಿಂದ ತಡವುತ್ತ ತನ್ನ ಭಾಷೆಯಲ್ಲಿ ಏನನ್ನೋ ಎಣಿಸತೊಡಗಿತು.

ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂಬ ಒಂದು ಮಾತುಂಟು. ಕಾಶ್ಮೀರದ ಕ್ಷೇಮೇಂದ್ರನು ೧೧ನೆಯ ಶತಮಾನದಲ್ಲಿ ಅದರ ವಿಚಾರವಾಗಿಯೇ ಒಂದು ಗ್ರಂಥವನ್ನು ರಚಿಸಿದನು. ಅಲಂಕಾರವು ಎಷ್ಟು ಚೆಲುವಾಗಿದ್ದರೂ ಇರತಕ್ಕ ಸ್ಥಳದಲ್ಲಿ, ಇರತಕ್ಕಷ್ಟೇ ಇದ್ದರೆ ಶೋಭೆ. ಇದನ್ನು ನಾನು ಎಷ್ಟೋ ವರುಷ ಮಕ್ಕಳಿಗೆ ಹೇಳಿದ್ದೇನೆ. ಮೊದಲನೆಯ ಹೊದಿಕೆಯನ್ನು ನಾವು ನೋಡುವವರ ಕಣ್ಣಿಗಾಗಿ ಮಾಡಿದೆವು. ಎರಡನೆಯದು ಕೂಸಿನ ಬೆರಳಿಗಾಗಿ ಆಯಿತು. ಚಿಂಚೋಳಿಯ ಶಾಲೆಯಲ್ಲಿ ನಾನು ನನ್ನ ಪಾಠದ ಸೊಬಗನ್ನು ಕಾಯ್ದೆನು. ಪಾಠವು ಯಾರಿಗಾಗಿ ಇತ್ತೋ ಅವಳನ್ನು ಕಾಯಲಿಲ್ಲ.

ಫಾಲ್ಗುಣದಲ್ಲಿ ಮಗಳು ಕೂಸಿನೊಡನೆ ವಾಡಿಗೆ ಹೋದಳು; ಕೌದಿಯೂ ಹೊದಿಕೆಯೂ ಜೊತೆಗೆ ಹೋದವು. ಮನೆಯಲ್ಲಿ ಎಣಿಕೆಯು ನಿಂತಿತೆಂದುಕೊಂಡೆನು. ಮೂರನೆಯ ದಿನವೇ ನಮ್ಮಾಕೆಯು ಉಳಿದ ದಾರವನ್ನು ತೆಗೆದುಕೊಂಡು ೧೨೨ ಸರಪಳಿಗಳನ್ನು ಹಾಕತೊಡಗಿದಳು. ಯಾರಿಗೆಂದು ಕೇಳಿದೆನು. ಎಣಿಸುತ್ತಿದ್ದವಳು ಉತ್ತರಿಸಲಿಲ್ಲ.

ಸಂಜೆಯ ಹೊತ್ತು ನಮ್ಮ ಕಟ್ಟೆಗೆ ಕಲ್ಲುಗಣಿಯವರ, ಸಿಮೆಂಟು ಕೆಲಸದವರ ಏಳೆಂಟು ಮಕ್ಕಳು ಓದಿಸಿಕೊಳ್ಳಲು ಬರುತ್ತಾರೆ. ಕಳೆದ ವಾರ ಒಬ್ಬ ಹುಡುಗಿಯು ಬಾಗಿಲ ಹೊರಗೇ ನಿಂತಿದ್ದಳು; ಟೊಂಕದ ಮೇಲೆ ತಂಗಿಯಿದ್ದಳು. ಒಳಗೆ ಬಾ ಎಂದೆನು. "ಇಕಿ ಅಳ್ತಾಳ್ರಿ ಸರ" ಎಂದಳು. ಅಷ್ಟರಲ್ಲಿ ನಮ್ಮಾಕೆಯು ಇನ್ನೂ ಅರ್ಧವೇ ಆಗಿದ್ದ ಹೊದಿಕೆಯಿಂದ ಸೂಜಿಯನ್ನು ತೆಗೆದು, ಜೀವದ ಕುಣಿಕೆಗೆ ಒಂದು ಗಂಟನ್ನು ಹಾಕಿ, ಅದನ್ನು ತಂದು ಫರಸಿಯ ಮೇಲೆ ಹಾಸಿದಳು.

ಕೂಸು ಅತ್ತಿತು. ಪಾಠವು ನಡೆಯಿತು.